ವ್ಯಕ್ತಿ ಆರು ಮತ್ತು ಕಿಟಕಿಯ ಪರದೆ

ಗೊತ್ತಪ್ಪನವರ ನಿಜವಾದ ಹೆಸರು ಗೊತ್ತಪ್ಪ ಅಲ್ಲ. ಅದು ಕಚೇರಿಯವರು ಪ್ರೀತಿಯಿಂದ ಇಟ್ಟ ಹೆಸರು. ಪ್ರೀತಿ ಸ್ವಲ್ಪ ಕಡಿಮೆ ಇದ್ದ ದಿನಗಳಲ್ಲೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ಯಾರು ಏನು ಹೇಳಿಕೊಡಲು ಬಂದರೂ, ಅವರು ಮೊದಲ ವಾಕ್ಯ ಮುಗಿಸುವುದರೊಳಗೆ ಇವರು "ಗೊತ್ತು, ಗೊತ್ತು" ಎಂದು ತಲೆಯಾಡಿಸಿಬಿಡುತ್ತಿದ್ದರು. ಕಚೇರಿಗೆ ಹೊಸ ಲಿಫ್ಟ್ ಬಂದಾಗ ಹೀಗೆಯೇ "ಗೊತ್ತು" ಎಂದು ಒಳಗೆ ಹೋಗಿ, ಊಟದ ಹೊತ್ತಿನವರೆಗೆ ಎರಡು ಮಹಡಿಗಳ ನಡುವೆ ನಿಂತಿದ್ದು ಬಂದವರು. ಹೊರಗೆ ಬಂದ ಮೇಲೆ, "ಸ್ವಲ್ಪ ಪರೀಕ್ಷೆ ಮಾಡ್ತಾ ಇದ್ದೆ" ಎಂದರು.

ಅವರು ಗುಪ್ತಚರ ಇಲಾಖೆಯಲ್ಲಿ ವಿಶ್ಲೇಷಕರು. ಗುಪ್ತಚರ ಎಂದ ಕೂಡಲೇ ಓದುಗರು ಕರಿ ಕನ್ನಡಕ, ಪಿಸ್ತೂಲು, ಮಹಡಿಯಿಂದ ಮಹಡಿಗೆ ಜಿಗಿತ ಇವನ್ನೆಲ್ಲ ನಿರೀಕ್ಷಿಸಿದರೆ ಅದು ಓದುಗರ ತಪ್ಪು. ವಿಶ್ಲೇಷಕರು ಜಿಗಿಯುವುದಿಲ್ಲ. ಕೂರುತ್ತಾರೆ. ಯಾರು ಯಾರಿಗೆ ಫೋನ್ ಮಾಡಿದರು, ಯಾರ ಕಾರು ಯಾರ ಮನೆ ಮುಂದೆ ನಿಂತಿತ್ತು ಎಂದು ಹೊರಗಿನವರು ತಂದು ಸುರಿಯುವ ಸುದ್ದಿಯನ್ನು ಓದಿ, ಅದರಲ್ಲಿ ಹೆದರಬೇಕಾದ್ದೆಷ್ಟು, ಸುಮ್ಮನಿರಬಹುದಾದ್ದೆಷ್ಟು ಎಂದು ಬರೆದು ಮೇಲೆ ಕಳಿಸುತ್ತಾರೆ. ಮನೆಯಲ್ಲಿ ಈ ಕೆಲಸದ ಬಗ್ಗೆ ಬಾಯಿ ಬಿಡುವಂತಿಲ್ಲ. ಹಾಗಾಗಿ ಗೊತ್ತಪ್ಪನವರು ಅಂಕಿಅಂಶದ ಕಚೇರಿ ಎಂದು ಹೇಳಿಟ್ಟಿದ್ದರು. ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ಅವರ ಮನೆಯಲ್ಲೇ ಇದ್ದರು. ಮನೆಗೆ ಬಂದವರಿಗೆಲ್ಲ ಆಕೆ, "ಅಳಿಯಂದಿರಿಗೆ ಎಂಥದೋ ಕೂಡೋ ಕಳೆಯೋ ಕೆಲಸ" ಎಂದು ಹೇಳಿ, ಮಾತು ಬದಲಿಸುತ್ತಿದ್ದರು.

ಒಂದು ದಿನ ಸಾಹೇಬರು ತಮ್ಮ ಕೋಣೆಗೆ ವಿಶ್ಲೇಷಕರನ್ನೆಲ್ಲ ಕರೆದರು. ಇಲಾಖೆಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದಿತ್ತು. ಜನರನ್ನು ಅದಕ್ಕೆ ತುಂಬಿದರೆ ಪ್ರತಿಯೊಬ್ಬರನ್ನೂ ಒಂದು ಚುಕ್ಕೆ ಮಾಡಿ, ಯಾರಿಗೆ ಯಾರ ಸಂಪರ್ಕ ಇದೆಯೋ ಅವರ ನಡುವೆ ಗೆರೆ ಎಳೆಯುತ್ತದೆ. ಸಂಪರ್ಕ ಹೆಚ್ಚಿದಷ್ಟೂ ಗೆರೆ ದಪ್ಪ. ಎಲ್ಲ ಗೆರೆಗಳೂ ಬಂದು ಸೇರುವ ಚುಕ್ಕೆ ಯಾವುದೋ, ಅದೇ ಜಾಲದ ಯಜಮಾನ. ವಿಷಯ ಗಂಭೀರ ಅನ್ನಿಸಿದರೆ ವ್ಯವಸ್ಥೆ ತಾನೇ ಕೆಂಪಗಾಗಿ ಸಾಹೇಬರಿಗೆ ಸುದ್ದಿ ಮುಟ್ಟಿಸುತ್ತದೆ.

"ಇನ್ನು ಇಲ್ಲಿ ಇಷ್ಟು ಜನ ಬೇಕಾಗಲ್ಲ. ಇದರ ಜೊತೆ ಹೊಂದಿಕೊಂಡು ಯಾರು ಒಳ್ಳೆ ವರದಿ ಬರೀತಾರೋ ಅವರು ಈ ಮಹಡಿಯಲ್ಲಿರ್ತಾರೆ. ಉಳಿದವರು ನೆಲಮಾಳಿಗೆ" ಎಂದರು ಸಾಹೇಬರು.

ನೆಲಮಾಳಿಗೆಯಲ್ಲಿ ಹಳೇ ಕಡತಗಳಿದ್ದವು. ಕಿಟಕಿ ಇರಲಿಲ್ಲ. ಹಿಂದೊಮ್ಮೆ ಅಲ್ಲಿಗೆ ಹೋದ ಸಹೋದ್ಯೋಗಿಯೊಬ್ಬರು ಕಡತಗಳ ಬಣ್ಣಕ್ಕೇ ತಿರುಗಿದ್ದರು, ಊಟಕ್ಕೆ ಮೇಲೆ ಬಂದಾಗ ಬೆಳಕಿಗೆ ಕಣ್ಣು ಕಿರಿದು ಮಾಡಿ, "ಹೊರಗೆ ಈಗ ಯಾವ ಕಾಲ?" ಎಂದು ವಿಚಾರಿಸುತ್ತಿದ್ದರು. ಇಡೀ ಬದುಕಿನಲ್ಲಿ ಗೊತ್ತಪ್ಪನವರಿಗೆಂದು ಇದ್ದದ್ದು ಕಚೇರಿಯ ಆ ಕಿಟಕಿಯ ಪಕ್ಕದ ಮೇಜೊಂದೇ. ಮನೆಯಲ್ಲಿನ ಕುರ್ಚಿ ಕೂಡ ಭಾನುವಾರ ಭಾವಮೈದುನನ ಪಾಲಾಗುತ್ತಿತ್ತು.

ವ್ಯವಸ್ಥೆಯನ್ನು ಕಲಿಸಲು ಬಂದ ಮೇಡಂ ವಯಸ್ಸಿನಲ್ಲಿ ಸಣ್ಣವರು, ತಾಳ್ಮೆಯಲ್ಲಿ ದೊಡ್ಡವರು. "ತೆರೆಯ ಸುತ್ತ ಹಳದಿ ಅಂಚು ಬಂದರೆ ಅದು ಅಭ್ಯಾಸಕ್ಕೆ. ನೀಲಿ ಅಂಚು ಬಂದರೆ..." ಎಂದರು.

"ಗೊತ್ತು, ಗೊತ್ತು" ಎಂದರು ಗೊತ್ತಪ್ಪನವರು.

ನೀಲಿ ಅಂಚು ಬಂದರೆ ಅದು ನಿಜವಾದ ಪ್ರಕರಣ ಎಂಬುದು ಮೇಡಂ ಹೇಳಬೇಕೆಂದಿದ್ದ ಮಾತು. ಗೊತ್ತಪ್ಪನವರ ತರ್ಕ ಬೇರೆ. ಹಳದಿ ಎಂದರೆ ರಸ್ತೆಯಲ್ಲೂ ಎಚ್ಚರಿಕೆ. ನೀಲಿ ಶಾಂತವಾದ ಬಣ್ಣ. ಕಲಿಯುವವರಿಗೆ ಶಾಂತವಾದದ್ದೇ ಸರಿ. ಅವರು ನೀಲಿಯನ್ನು ಒತ್ತಿದರು.

"ಅಭ್ಯಾಸಕ್ಕೆ ಇಲಾಖೆಯ ವಿಷಯ ತುಂಬಬೇಡಿ. ನಿಮಗೆ ಚೆನ್ನಾಗಿ ಗೊತ್ತಿರೋ ಜನರನ್ನ ತುಂಬಿ. ಯಾರನ್ನ ಯಾರು ನೋಡ್ತಾರೆ, ಏನು ಕೊಡ್ತಾರೆ, ತಗೋತಾರೆ, ಎಲ್ಲಾ ಬರೀರಿ" ಎಂದರು ಮೇಡಂ.

ಪಕ್ಕದ ಮೇಜಿನವರು ತಮ್ಮ ಶಾಲೆಯ ಗೆಳೆಯರನ್ನು ತುಂಬಿದರು. ಗೊತ್ತಪ್ಪನವರು ಮನೆಯನ್ನೇ ತುಂಬಿದರು. ಮೊದಲು ಅತ್ತೆ, ಆಕೆಯನ್ನು ಬಿಟ್ಟು ಮೊದಲು ಬೇರೆಯವರನ್ನು ಬರೆಯಲು ಕೈ ಬರಲಿಲ್ಲ. ನಂತರ ಹೆಂಡತಿ. ಪ್ರತಿ ಭಾನುವಾರ ಬಂದು ತಿಂಡಿ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಹೋಗುವ ಭಾವಮೈದುನ. ಎದುರುಮನೆಯ ನಿವೃತ್ತ ಮೇಷ್ಟ್ರು. ಅವರು ತಮ್ಮ ಕಿಟಕಿಯಲ್ಲಿ ನಿಂತು ಇವರ ಕಿಟಕಿಯೊಳಗೆ ನೋಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದರು. ಆ ನೋಟ ತಡೆಯಲೆಂದು ಅತ್ತೆ ಹೊಲಿಸಲು ಕೊಟ್ಟ ಪರದೆ, ಅದನ್ನು ಒಮ್ಮೆ ಗಿಡ್ಡ, ಒಮ್ಮೆ ಉದ್ದ ಹೊಲಿದು ತಿಂಗಳುಗಟ್ಟಲೆ ಸತಾಯಿಸುತ್ತಿದ್ದ ಟೈಲರ್. ಎಲ್ಲ ಮುಗಿದ ಮೇಲೆ ಮನೆಯಲ್ಲಿ ಇನ್ನೂ ಒಬ್ಬರಿದ್ದಾರೆ ಎಂಬುದು ನೆನಪಾಗಿ ತಮ್ಮನ್ನೂ ಸೇರಿಸಿ, ತಾವು ಏನೇನು ಹೊತ್ತು ತರುತ್ತೇವೆ, ಯಾರನ್ನು ಕೇಳಿ ಉತ್ತರ ಕೊಡುತ್ತೇವೆ, ತಮಗೆ ಎಷ್ಟೆಲ್ಲ ಗೊತ್ತು ಎಂದೂ ಬರೆದರು. ಮನೆಯ ವಿಳಾಸ ಹಾಕಿದರು. ಹೆಸರಿನ ಜಾಗದಲ್ಲಿ ಬಾಯಿಗೆ ಬಂದಂತೆ ಅತ್ತೆ, ಹೆಂಡತಿ, ನಾನು ಎಂದೇ ಬರೆದರು. ಮನೆಯವರನ್ನು ಬೇರೆ ಹೆಸರಿನಿಂದ ಕರೆದು ಅವರಿಗೆ ಅಭ್ಯಾಸವಿರಲಿಲ್ಲ.

ಮರುದಿನ ಬೆಳಿಗ್ಗೆ ವ್ಯವಸ್ಥೆ ಕೆಂಪಗಾಯಿತು.

ಈ ವ್ಯವಸ್ಥೆಯ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ವಿಶ್ಲೇಷಕರಿಗೆ ಯಾರ ಮೇಲೂ ಮೊದಲೇ ಪ್ರೀತಿ, ದ್ವೇಷ ಇರಬಾರದೆಂದು ಅದು ಹೆಸರುಗಳನ್ನೆಲ್ಲ ಮುಚ್ಚಿ ಸಂಖ್ಯೆ ಹಾಕುತ್ತದೆ. ಮನೆ 'ನೆಲೆ' ಆಗುತ್ತದೆ. ಕೈಯಿಂದ ಕೈಗೆ ಹೋಗುವುದೆಲ್ಲ 'ಸರಕು' ಆಗುತ್ತದೆ. ಗಂಡೋ ಹೆಣ್ಣೋ ಎಂಬುದನ್ನೂ ಅದು ಹೇಳುವುದಿಲ್ಲ. ಮುಚ್ಚಿದ್ದನ್ನು ತೆಗೆಯುವ ಅಧಿಕಾರ ಸಾಹೇಬರೊಬ್ಬರದೇ, ಅದೂ ವರದಿ ಬಂದ ಮೇಲೆ. ಸಾಹೇಬರು ಸುತ್ತ ನೋಡಿದರು. ಪಕ್ಕದ ಮೇಜಿನವರಿಗೆ ಕೆಮ್ಮು. ಇನ್ನೊಬ್ಬರು ರಜೆ. "ಗೊತ್ತಪ್ಪನೋರೇ, ಇದು ನಿಮಗೆ. ನೆಲಮಾಳಿಗೆಯ ವಿಷಯ ನೆನಪಿರಲಿ" ಎಂದರು.

ಹೀಗೆ ಗೊತ್ತಪ್ಪನವರ ಮನೆ ಗೊತ್ತಪ್ಪನವರ ಮೇಜಿಗೇ ಬಂತು. ಅದು ಅವರಿಗೆ ಗೊತ್ತಾಗಲಿಲ್ಲ. ಬದುಕಿನಲ್ಲಿ ಮೊದಲ ಸಲ ಅವರು ಒಂದು ಕೆಲಸವನ್ನು ಪೂರ್ತಿ ಗಮನವಿಟ್ಟು ಮಾಡಿದರು. ನಿಜ ಹೇಳಬೇಕೆಂದರೆ, ವರದಿ ಬಹಳ ಚೆನ್ನಾಗಿತ್ತು.

"ವ್ಯಕ್ತಿ ಒಂದು ಈ ಜಾಲದ ತಲೆ" ಎಂದು ಅವರು ಬರೆದರು. "ಅವರು ಎಲ್ಲಿಗೂ ಹೋಗುವುದಿಲ್ಲ, ಎಲ್ಲರೂ ಅವರ ಬಳಿಗೇ ಬರುತ್ತಾರೆ. ವ್ಯಕ್ತಿ ಮೂರು ಪ್ರತಿ ವಾರ ಬರಿಗೈಯಲ್ಲಿ ಬಂದು ತುಂಬಿದ ಚೀಲದೊಡನೆ ತೆರಳುತ್ತಾರೆ. ವ್ಯಕ್ತಿ ನಾಲ್ಕು ಎದುರಿನ ನೆಲೆಯಿಂದ ಸದಾ ಕಾವಲು. ಒಂದೇ ಸರಕು ವ್ಯಕ್ತಿ ಐದರ ಬಳಿಗೆ ಮತ್ತೆ ಮತ್ತೆ ಹೋಗಿ ಬರುತ್ತಿದೆ. ಪ್ರತಿ ಸಲವೂ ಅಳತೆ ಬದಲಾಗುತ್ತದೆ. ಇದು ಸಂಕೇತವಲ್ಲದೆ ಬೇರೇನೂ ಆಗಿರಲು ಸಾಧ್ಯವಿಲ್ಲ."

ವ್ಯಕ್ತಿ ಎರಡರ ಹತ್ತಿರ ಬಂದಾಗ ಮಾತ್ರ ಅವರ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕೊನೆಗೆ ಬರೆದರು: "ಇಡೀ ಜಾಲ ನಡೆಯುತ್ತಿರುವುದು ಇವರಿಂದ. ಎಲ್ಲರಿಗೂ ಬೇಕಾದ್ದನ್ನು ಒದಗಿಸುತ್ತಾರೆ. ಆದರೆ ಇವರಿಗೆ ಯಾರಿಂದಲೂ ಏನೂ ಬಂದ ದಾಖಲೆ ಇಲ್ಲ. ಹಾಗಿದ್ದೂ ಜಾಲದಲ್ಲಿ ಏಕಿದ್ದಾರೆ? ಕಾರಣ ತಿಳಿದುಬಂದಿಲ್ಲ."

ವ್ಯಕ್ತಿ ಆರರ ವಿಷಯದಲ್ಲಿ ಅವರಿಗೆ ಇಂಥ ತೊಂದರೆಯೇನೂ ಬರಲಿಲ್ಲ. "ಇವರು ಬರೀ ಸರಕು ಹೊರುವವರು. ಏನು ಹೊರುತ್ತಿದ್ದೇನೆಂದು ಕೇಳುವುದಿಲ್ಲ. ಯಾರಾದರೂ ಏನಾದರೂ ಕೇಳಿದರೆ ವ್ಯಕ್ತಿ ಎರಡರ ಕಡೆ ನೋಡದೆ ಉತ್ತರ ಕೊಡುವುದಿಲ್ಲ. ಎಲ್ಲ ಗೊತ್ತೆಂಬ ಭ್ರಮೆಯಿರುವ ಲಕ್ಷಣ ಕಾಣುತ್ತದೆ. ಜಾಲವನ್ನು ಒಡೆಯಬೇಕಾದರೆ ಇವರಿಂದ ಶುರು ಮಾಡುವುದು ಸೂಕ್ತ. ಬೆದರಿಸಬೇಕಾಗಿಲ್ಲ, ಸ್ವಲ್ಪ ಹೊಗಳಿದರೆ ಸಾಕು."

ಈ ಕೊನೆಯ ಸಾಲು ಓದಿಕೊಂಡು ಅವರು ಒಬ್ಬರೇ ನಕ್ಕರು. ಲೋಕದಲ್ಲಿ ಎಂಥೆಂಥ ಜನ ಇರುತ್ತಾರೆ ಎಂದು ಅವರಿಗೆ ಅನ್ನಿಸಿತು.

ಸಂಜೆ ಮನೆಗೆ ಬಂದಾಗ ಅತ್ತೆ ಕಿಟಕಿಗೆ ಪರದೆ ಹಿಡಿದು ನೋಡುತ್ತಿದ್ದರು. ಪರದೆ ಕಿಟಕಿಯ ಮುಕ್ಕಾಲಿಗೆ ನಿಂತಿತ್ತು. ಉಳಿದ ಕಾಲು ಭಾಗದಲ್ಲಿ ಎದುರುಮನೆಯ ಮೇಷ್ಟ್ರ ಮುಖ ಕಾಣುತ್ತಿತ್ತು.

"ಮತ್ತೆ ಗಿಡ್ಡ! ಅಳಿಯಂದಿರೇ, ನಾಳೆ ಇದನ್ನ ಅವನ ಮುಖಕ್ಕೆ ಎಸೆದು ಬನ್ನಿ" ಎಂದರು ಅತ್ತೆ.

"ಆಯ್ತು" ಎಂದು ಗೊತ್ತಪ್ಪನವರು ಪರದೆಯ ಗಂಟನ್ನು ಚೀಲಕ್ಕೆ ಹಾಕಿಕೊಂಡರು. ನಂತರ ಹೆಂಡತಿಯ ಕಡೆ ತಿರುಗಿ, "ಎಸೀಬೇಕಾ, ಕೊಡಬೇಕಾ?" ಎಂದು ಕೇಳಿದರು.

"ಕೊಡಿ ಸಾಕು" ಎಂದಳು ಹೆಂಡತಿ.

ವರದಿ ಓದಿದ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. ಅಂಥ ಸ್ಪಷ್ಟ ವರದಿ ಅವರ ಕೈಗೆ ಬಂದು ಎಷ್ಟೋ ಕಾಲವಾಗಿತ್ತು. ಅದನ್ನು ಮೇಲಿನವರಿಗೆ ಕಳಿಸಿ, ಮುಚ್ಚಿದ್ದ ಹೆಸರುಗಳನ್ನು ತಮ್ಮ ಕೀಲಿಯಿಂದ ತೆಗೆದರು. ಹೆಸರುಗಳನ್ನು ಕಂಡು ಅವರಿಗೆ ಜಾಲದ ಮೇಲೆ ಗೌರವವೇ ಬಂತು. "ಎಂಥ ಗುಪ್ತನಾಮ ಇಟ್ಕೊಂಡಿದ್ದಾರೆ ನೋಡಿ! ಅತ್ತೆ ಅಂತೆ! ಯಾರಿಗೆ ಅನುಮಾನ ಬರುತ್ತೆ?" ಎಂದು ತಮ್ಮ ಕಾರ್ಯದರ್ಶಿಗೆ ಹೇಳಿದರು. ವಿಳಾಸವನ್ನು, ಬೀದಿಗಿಳಿದು ಕಣ್ಣಿಡುವ ಹೊರಕೆಲಸದವರಿಗೆ ಕೊಟ್ಟರು. ಹೊರಕೆಲಸದವರು ವಿಶ್ಲೇಷಕರ ಮುಖ ನೋಡಿರಬಾರದು, ವಿಶ್ಲೇಷಕರು ವಿಳಾಸ ನೋಡಿರಬಾರದು ಎಂಬುದು ಇಲಾಖೆಯ ನಿಯಮ. ಈ ನಿಯಮ ಮಾಡಿದವರಿಗೆ ನಾವು ಈ ಕಥೆಗಾಗಿ ಋಣಿಯಾಗಿದ್ದೇವೆ.

ಹೊರಕೆಲಸದ ಇಬ್ಬರು ದಾಂಡಿಗರು ಕೇಬಲ್ ರಿಪೇರಿಯವರ ವೇಷದಲ್ಲಿ ಆ ಬೀದಿಗೆ ಬಂದು ಕಂಬದ ಕೆಳಗೆ ನಿಂತರು. ಮೊದಲು ಬಂದವರು ಎದುರುಮನೆಯ ಮೇಷ್ಟ್ರು.

"ಏನಪ್ಪಾ, ಕೇಬಲ್‌ನೋರು ಅಂತೀರಿ, ಏಣಿ ಎಲ್ಲಿ?"

"ಏಣಿ ಬರ್ತಾ ಇದೆ ಸಾರ್."

"ತಾನಾಗೇ ಬರುತ್ತಾ?"

ದಾಂಡಿಗರು ಉತ್ತರ ಹುಡುಕುತ್ತಿರುವಾಗ ಈ ಕಡೆಯ ಕಿಟಕಿಯಿಂದ ಅತ್ತೆಯ ಧ್ವನಿ ಬಂತು. "ರೀ ಮೇಷ್ಟ್ರೇ, ಕೆಲಸ ಮಾಡೋ ಮಕ್ಕಳನ್ನ ಬಿಡ್ರೀ. ಏ, ನೀವಿಬ್ರೂ ಬನ್ನಿ ಇಲ್ಲಿ. ಸುಮ್ನೆ ನಿಂತಿದ್ದೀರಲ್ಲ, ಈ ಬೀರು ಸ್ವಲ್ಪ ಆ ಗೋಡೆಗೆ ಸರಿಸಿಕೊಡಿ. ನಮ್ಮನೇಲಿ ಇರೋರೊಬ್ಬರಿಗೆ ಬೀರು ಸರಿಸು ಅಂದ್ರೆ ಅದನ್ನ ಯಾಕೆ ಸರಿಸಬಾರದು ಅಂತ ಲೆಕ್ಕ ಹೇಳ್ತಾರೆ."

ದಾಂಡಿಗರು ಬೀರು ಸರಿಸಿದರು. ಟೀ ಕುಡಿದರು. ಮರುದಿನ ಮಂಚ ಸರಿಸಿದರು. ಅದನ್ನೆಲ್ಲ ಅವರು ನಿಷ್ಠೆಯಿಂದ ವರದಿ ಮಾಡಿದರು. ವ್ಯವಸ್ಥೆ ಅವರನ್ನು ವ್ಯಕ್ತಿ ಏಳು, ವ್ಯಕ್ತಿ ಎಂಟು ಎಂದು ಸೇರಿಸಿಕೊಂಡು ವ್ಯಕ್ತಿ ಒಂದಕ್ಕೆ ದಪ್ಪ ಗೆರೆ ಎಳೆಯಿತು. ಕಚೇರಿಯಲ್ಲಿ ಗೊತ್ತಪ್ಪನವರು, "ಜಾಲ ವಿಸ್ತರಿಸುತ್ತಿದೆ. ಹೊಸಬರಿಬ್ಬರು ದೈಹಿಕವಾಗಿ ಬಲಿಷ್ಠರು. ಬಂದ ದಿನವೇ ವ್ಯಕ್ತಿ ಒಂದರ ಆಜ್ಞೆಗೆ ಒಳಪಟ್ಟಿದ್ದಾರೆ" ಎಂದು ಬರೆದರು. ಸಂಜೆ ಮನೆಗೆ ಬಂದು ಬೀರುವಿಗೆ ಕಾಲ್ಬೆರಳು ಎಡವಿಕೊಂಡು, "ಇದನ್ನ ಯಾರು ಇಲ್ಲಿ ತಂದಿಟ್ಟೋರು?" ಎಂದು ಕೂಗಿದರು.

"ಯಾರೋ ಕೇಬಲ್‌ನೋರು, ಒಳ್ಳೆ ಹುಡುಗರು" ಎಂದಳು ಹೆಂಡತಿ.

"ಹೊರಗಿನವರನ್ನ ಹಾಗೆಲ್ಲ ಮನೆ ಒಳಗೆ ಬಿಡಬಾರದು. ಕಾಲ ಕೆಟ್ಟಿದೆ. ನನಗೆ ಎಲ್ಲಾ ಗೊತ್ತು" ಎಂದರು ಗೊತ್ತಪ್ಪನವರು, ಬೆರಳು ಹಿಡಿದುಕೊಂಡು.

ಜಾಲ ಬೆಳೆಯುತ್ತಿರುವುದನ್ನು ಕಂಡು ಮೇಲಿನವರು ತಡ ಮಾಡಬೇಡಿ ಎಂದರು. ಸಾಹೇಬರು ತಾವೇ ಹೊರಟರು. "ನೀವೂ ಬನ್ನಿ. ವ್ಯಕ್ತಿ ಆರರ ಬಾಯಿ ಬಿಡಿಸೋಕೆ ನಿಮ್ಮಷ್ಟು ಯೋಗ್ಯರು ಯಾರೂ ಇಲ್ಲ. ಇದೊಂದು ಮುಗಿದರೆ ಕಿಟಕಿ ಪಕ್ಕದ ಮೇಜು ನಿಮ್ಮದೇ" ಎಂದು ಗೊತ್ತಪ್ಪನವರ ಹೆಗಲು ತಟ್ಟಿದರು. ವಿಶ್ಲೇಷಕರು ದಾರಿ ನೋಡಬಾರದೆಂದು ಅವರನ್ನು ಕಿಟಕಿಯಿಲ್ಲದ ವ್ಯಾನಿನ ಹಿಂದೆ ಕೂರಿಸಿದರು. ಗೊತ್ತಪ್ಪನವರ ಕಾಲಡಿ ಟೈಲರ್ ಅಂಗಡಿಯಿಂದ ಬೆಳಿಗ್ಗೆ ತಂದಿದ್ದ ಪರದೆಯ ಚೀಲ ಇತ್ತು. ಕಚೇರಿಯಲ್ಲಿ ಬಿಟ್ಟರೆ ಮರೆತೀತು ಎಂಬ ಭಯ.

ವ್ಯಾನ್ ನಿಂತಿತು. ಬಾಗಿಲು ತೆರೆಯಿತು. ಎದುರಿಗೆ ತಮ್ಮದೇ ಗೇಟು, ತಮ್ಮದೇ ಮೆಟ್ಟಿಲು. ಗೊತ್ತಪ್ಪನವರ ಕಣ್ಣು ತುಂಬಿ ಬಂತು. "ಅಯ್ಯೋ, ಸಾರ್! ಮನೆ ತನಕ ಯಾಕೆ ಬಿಡೋಕೆ ಹೋದ್ರಿ? ನಾನು ಬಸ್ಸಲ್ಲಿ ಬರ್ತಿದ್ದೆ. ಬಹಳ ಉಪಕಾರ ಆಯ್ತು, ನಾಳೆ ಸಿಗೋಣ" ಎಂದು ಕೈಮುಗಿದರು.

ಸಾಹೇಬರು ವಿಳಾಸವನ್ನು ನೋಡಿದರು. ಗೊತ್ತಪ್ಪನವರನ್ನು ನೋಡಿದರು. ಮತ್ತೆ ವಿಳಾಸವನ್ನು ನೋಡಿದರು. ಅಷ್ಟರಲ್ಲಿ ಬಾಗಿಲು ತೆರೆದ ಹೆಂಡತಿ ಕೇಳಿದಳು: "ಏನ್ರೀ ಇಷ್ಟು ಬೇಗ? ಪರದೆ ತಂದ್ರಾ?"

"ಸರಕು" ಎಂದರು ಸಾಹೇಬರು, ಮೆಲ್ಲಗೆ.

ಎಲ್ಲರೂ ಒಳಗೆ ಬಂದರು. ಕಂಬದ ಕೆಳಗಿದ್ದ ದಾಂಡಿಗರೂ ಬಂದರು. ಅತ್ತೆ ಅವರಿಗೆ, "ಕೂತ್ಕೊಳ್ಳಿ, ಇವತ್ತು ಸರಿಸೋದೇನಿಲ್ಲ" ಎಂದರು. ಬಾಗಿಲು ತೆರೆದಿದ್ದರಿಂದ ಎದುರುಮನೆಯ ಮೇಷ್ಟ್ರೂ ಬಂದರು. ಸಾಹೇಬರು ಇಲಾಖೆಯ ಹೆಸರು ಹೇಳಿ ಗುರುತಿನ ಚೀಟಿ ತೋರಿಸಿ, ಗಂಟಲು ಸರಿ ಮಾಡಿಕೊಂಡು ವರದಿಯನ್ನು ಗಟ್ಟಿಯಾಗಿ ಓದಿದರು. ಗೊತ್ತಪ್ಪನವರು ಬೀರುವಿಗೆ ಒರಗಿ ನಿಂತಿದ್ದರು.

"ವ್ಯಕ್ತಿ ಒಂದು ಎಲ್ಲಿಗೂ ಹೋಗುವುದಿಲ್ಲ, ಎಲ್ಲರೂ ಅವರ ಬಳಿಗೇ ಬರುತ್ತಾರೆ."

"ಮಂಡಿನೋವು. ಎಲ್ಲಿಗೆ ಹೋಗಲಿ? ನಿಜಾನೇ ಬರೆದಿದ್ದಾರೆ" ಎಂದರು ಅತ್ತೆ.

"ವ್ಯಕ್ತಿ ಮೂರು ಬರಿಗೈಯಲ್ಲಿ ಬಂದು ತುಂಬಿದ ಚೀಲದೊಡನೆ..."

"ನನ್ನ ಮಗ! ಅದೂ ನಿಜ."

"ವ್ಯಕ್ತಿ ನಾಲ್ಕು ಸದಾ ಕಾವಲು."

ಮೇಷ್ಟ್ರು ಸ್ವಲ್ಪ ಮುಂದೆ ಬಂದರು. "ಸರ್ಕಾರದಲ್ಲಿ ಒಬ್ಬರಾದರೂ ಗುರುತಿಸಿದರಲ್ಲ" ಎಂದರು.

ಸಾಹೇಬರು ವ್ಯಕ್ತಿ ಎರಡಕ್ಕೆ ಬಂದರು. ಎಲ್ಲರಿಗೂ ಒದಗಿಸುತ್ತಾರೆ, ಯಾರಿಂದಲೂ ಏನೂ ಬಂದ ದಾಖಲೆ ಇಲ್ಲ, ಜಾಲದಲ್ಲಿ ಏಕಿದ್ದಾರೆಂಬುದಕ್ಕೆ ಕಾರಣ ತಿಳಿದುಬಂದಿಲ್ಲ. ಹೆಂಡತಿ ಪರದೆಯ ಗಂಟು ಬಿಚ್ಚುತ್ತಿದ್ದವಳು ಹಾಗೇ ನಿಂತಳು. ಅವಳಿಗೆ ಬೇಸರವಾಗಿತ್ತು, ಅದು ಸುಳ್ಳೆಂದು ಬೇಸರವಲ್ಲ.

ವ್ಯಕ್ತಿ ಆರನ್ನು ಓದುವಾಗ ಅತ್ತೆ ಮೊದಲು ಹೂಂಗುಟ್ಟಿದರು, ನಂತರ ತೊಡೆ ತಟ್ಟಿದರು, 'ಸ್ವಲ್ಪ ಹೊಗಳಿದರೆ ಸಾಕು' ಎಂಬಲ್ಲಿಗೆ ಬಂದಾಗ ಕಣ್ಣೊರೆಸಿಕೊಂಡರು. "ಇಷ್ಟು ವರ್ಷದಿಂದ ನಾನು ಹೇಳಬೇಕೂಂತಿದ್ದದ್ದು ಇದೇ, ಮಾತು ಸಿಗ್ತಿರಲಿಲ್ಲ. ಯಾರಪ್ಪಾ ಬರೆದ ಪುಣ್ಯಾತ್ಮ?"

ಸಾಹೇಬರು ಬೀರುವಿನ ಕಡೆ ಕೈ ತೋರಿಸಿದರು. ಕೋಣೆಯ ತಲೆಗಳೆಲ್ಲ ಆ ಕಡೆ ತಿರುಗಿದವು.

"ಅಂದ್ರೆ, ಅಂಕಿಅಂಶ ಅಲ್ವಾ?" ಎಂದರು ಅತ್ತೆ. ಅವರ ಧ್ವನಿಯಲ್ಲಿ ಅಳಿಯನ ಬಗ್ಗೆ ಮೊದಲ ಸಲ ಗೌರವದಂಥದೇನೋ ಕೇಳಿಸಿತು.

ಸಾಹೇಬರು ಮೇಡಂಗೆ ಫೋನ್ ಮಾಡಿದರು. ಫೋನಿನಿಂದ ಎಲ್ಲರಿಗೂ ಕೇಳುವಂತೆ ಉತ್ತರ ಬಂತು: "ನೀಲಿ ಅಂಚಲ್ಲಿ ತುಂಬಿದ್ದಾರೆ ಸಾರ್. ನಾನು ಹೇಳೋಕೆ ಹೋದೆ. ಗೊತ್ತು ಅಂದ್ರು."

ಸಾಹೇಬರು ಫೋನ್ ಇಟ್ಟು, ಅಂಗೈಯಿಂದ ಹಣೆ ಒತ್ತಿಕೊಂಡು ಕೂತರು. ವರದಿಯನ್ನು ಹೊಗಳಿ ಮೇಲಿನವರಿಗೆ ಕಳಿಸಿಯಾಗಿತ್ತು. ಹೊಗಳಿದ ಕೈ ಅವರದೇ. ದೊಡ್ಡ ಅಧಿಕಾರಿಗಳಿಗೆ ಇಂಥ ಹೊತ್ತಿನಲ್ಲೇ ಬುದ್ಧಿ ಚುರುಕಾಗುವುದು.

"ನೋಡಿ ಗೊತ್ತಪ್ಪನೋರೇ, ಇದನ್ನ ನಾವು ಪರೀಕ್ಷೆ ಅಂತ ಬರೀಬಹುದು. ಹೊಸ ವ್ಯವಸ್ಥೆಯನ್ನ, ವಿಶ್ಲೇಷಕರನ್ನ, ಗೊತ್ತಿರೋ ಒಂದು ಮನೆ ಮೇಲೆ ಬೇಕೂಂತಲೇ ಪರೀಕ್ಷೆ ಮಾಡಿದ್ವಿ ಅಂತ. ಆದರೆ ವರದಿಯ ಪ್ರತಿ ಸಾಲೂ ಸರಿ ಅಂತ ಆ ಮನೆಯವರು ಒಪ್ಪಬೇಕು. ಉಳಿದವರು ಒಪ್ಪಿದ್ದಾಯ್ತು. ವ್ಯಕ್ತಿ ಆರು ಬಾಕಿ. ಸರಿ ಅಂದ್ರೆ ಕಿಟಕಿ ಪಕ್ಕದ ಮೇಜು. ತಪ್ಪು ಅಂದ್ರೆ, ತಪ್ಪು ವರದಿ ಬರೆದೋರು ನೆಲಮಾಳಿಗೆಗೆ. ಹೇಳಿ. ವ್ಯಕ್ತಿ ಆರರ ಬಗ್ಗೆ ಬರೆದದ್ದು ಸರೀನಾ, ತಪ್ಪಾ?"

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ದಾಂಡಿಗರು ಟೀ ಲೋಟ ಕೆಳಗಿಟ್ಟರು. ಮೇಷ್ಟ್ರು ಇನ್ನೊಂದು ಹೆಜ್ಜೆ ಮುಂದೆ ಬಂದರು.

ಗೊತ್ತಪ್ಪನವರ ಮುಖ ಕೆಂಪಾಯಿತು. ನನಗೂ ಸ್ವಂತ ಬುದ್ಧಿ ಇದೆ, ಈ ವರದಿಯಲ್ಲಿ ಅದೊಂದು ಮಾತು ತಪ್ಪು ಎಂದು ಹೇಳಿಬಿಡಬೇಕೆಂದು ಅವರಿಗೆ ಬಲವಾಗಿ ಅನ್ನಿಸಿತು. ಬಾಯಿ ತೆರೆದರು. ಆಮೇಲೆ ಹೆಂಡತಿಯ ಕಡೆ ನೋಡಿದರು.

ಅವಳು ಸ್ವಲ್ಪ ಹೊತ್ತು ಅವರನ್ನೇ ನೋಡಿದಳು. ನೆಲಮಾಳಿಗೆಯ ಸುದ್ದಿ ಅವಳಿಗೆ ಈ ದಿನದವರೆಗೂ ಗೊತ್ತಿರಲಿಲ್ಲ. ಕಾರಣ ತಿಳಿದುಬಂದಿಲ್ಲ ಎಂದು ಬರೆದ ಮನುಷ್ಯ ಬೀರುವಿಗೆ ಅಂಟಿಕೊಂಡು ಬೆವರುತ್ತಿದ್ದ.

"ಸರಿ ಅನ್ನಿ" ಎಂದಳು.

"ಸರಿ ಸಾರ್" ಎಂದರು ಗೊತ್ತಪ್ಪನವರು.

ಸಾಹೇಬರು ವರದಿಯಲ್ಲಿ ಬೆರಳಾಡಿಸುತ್ತಾ ಹೋಗಿ, ವ್ಯಕ್ತಿ ಎರಡರ ಕಡೆ ನೋಡದೆ ಉತ್ತರ ಕೊಡುವುದಿಲ್ಲ ಎಂಬ ಸಾಲಿನ ಮುಂದೆ ದೊಡ್ಡದಾಗಿ ಒಂದು ಟಿಕ್ ಹಾಕಿದರು. "ಇಷ್ಟು ಖಚಿತವಾಗಿ ಸಾಬೀತಾದ ವರದಿ ನಮ್ಮ ಇಲಾಖೆಯಲ್ಲಿ ಇನ್ನೊಂದಿಲ್ಲ" ಎಂದು ಎದ್ದರು.

ಅವರೆಲ್ಲ ಹೋದ ಮೇಲೆ ಹೆಂಡತಿ ಪರದೆಯನ್ನು ಕಿಟಕಿಗೆ ಹಿಡಿದಳು. ಅದು ಈ ಸಲ ನೆಲದವರೆಗೂ ಇಳಿದು, ಇನ್ನೂ ಒಂದಷ್ಟು ನೆಲದ ಮೇಲೆ ಹರಡಿಕೊಂಡಿತು.

"ನೀನು ಬಿಡು, ನಾಳೆ ನಾನೇ ವಾಪಸು ಕೊಟ್ಟು ಬರ್ತೀನಿ" ಎಂದರು ಗೊತ್ತಪ್ಪನವರು. ಯಾರೂ ಹೇಳದೆಯೇ ಅವರು ಒಪ್ಪಿಕೊಂಡ ಮೊದಲ ಕೆಲಸ ಅದು. ಹೆಂಡತಿ ಪರದೆ ಮಡಿಸುತ್ತಿದ್ದಳು. ಗೊತ್ತಪ್ಪನವರು ಅದರ ಇನ್ನೊಂದು ತುದಿ ಹಿಡಿದುಕೊಂಡು, ಧ್ವನಿ ತಗ್ಗಿಸಿ, "ಆ ವ್ಯಕ್ತಿ ಎರಡು... ವರದಿಯಲ್ಲಿ ಅದೊಂದು ಜಾಗ ಖಾಲಿ ಉಳಿದಿದೆ. ಕಾರಣ ಏನು ಅಂತ ಬರೀಲಿ?" ಎಂದು ಕೇಳಿದರು.

"ಗೊತ್ತು ಗೊತ್ತು ಅಂತೀರಲ್ಲ" ಎಂದಳು ಅವಳು.

ಗೊತ್ತಪ್ಪನವರು ಪರದೆಯ ತುದಿಯನ್ನು ಅವಳ ಕೈಗೆ ಕೊಟ್ಟರು. "ಗೊತ್ತಿಲ್ಲ" ಎಂದರು.